ದುಬೈಯಲ್ಲಿ ಹಲ್ಲಿಗೆ ಚಳಿಯಾದಾಗ

ಮೊನ್ನೆ ಕಪಾಟಿನ ಮೇಲಿಂದ ಸೂಟ್‌ಕೇಸ್ ಇಳಿಸುವಾಗ ಅದರ ಹಿಂದಿನಿಂದ ಒಂದು ಕಪ್ಪು ಹಾಳೆ ಜಾರಿ ನನ್ನ ತಲೆಯ ಮೇಲೆ ಬಿತ್ತು. ಎಕ್ಸ್‌ರೇ ಫಿಲ್ಮಿನಷ್ಟು ತೆಳು, ಊಟದ ತಟ್ಟೆಯಷ್ಟು ಅಗಲ, ಒಂದು ಮೂಲೆಯಿಂದ ಬಾಲದ ಹಾಗೆ ಇಳಿಬಿದ್ದ ವಯರು. ತಿಳಿಯದವರು ನೋಡಿದರೆ ಸೊಂಟನೋವಿಗೆ ಕಟ್ಟಿಕೊಳ್ಳುವ ಸಾಮಾನು ಎಂದುಕೊಂಡಾರು. ಅದು ಹಲ್ಲಿಯನ್ನು ಬೆಚ್ಚಗಿಡುವ ಹೀಟರ್. ಹಲ್ಲಿ ತಲೆಯ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲೆ ಬಿದ್ದರೆ ಏನು ಫಲ ಎಂದು ಊರಿನ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಚ್ಚು ಹಾಕಿರುತ್ತಿದ್ದರು. ಹಲ್ಲಿಯ ಹೀಟರ್ ಬಿದ್ದರೆ ಏನು ಫಲ ಎಂದು ಯಾವ ಜ್ಯೋತಿಷಿಯೂ ಬರೆದ ಹಾಗಿಲ್ಲ. ಬರೆಯುವ ಪ್ರಮೇಯ ಅವರಿಗೆ ಬಂದಿರಲಿಕ್ಕಿಲ್ಲ.

ದುಬೈಯಲ್ಲಿ, ಅದೂ ಜುಲೈ ತಿಂಗಳಿನಲ್ಲಿ, ಹಲ್ಲಿಗೆ ಚಳಿಯಾಗುತ್ತದೆಂದು ಹೀಟರ್ ಕೊಂಡವನು ನಾನು ಎಂದರೆ ನೀವು ನಗುತ್ತೀರಿ. ನಗಿ. ಆದರೆ ಇಲ್ಲಿ ಇದ್ದು ನೋಡಿದವರಿಗೆ ಗೊತ್ತು, ಈ ಊರಿನ ಬೇಸಿಗೆಯ ಮುಖ್ಯ ತೊಂದರೆ ಚಳಿ. ಹೊರಗೆ ಕಾರಿನ ಬಾಗಿಲಿನ ಹಿಡಿ ಮುಟ್ಟಿದರೆ ಬೊಕ್ಕೆ ಏಳುತ್ತದೆ. ಒಳಗೆ ಬ್ಯಾಂಕಿನ ಕೌಂಟರಿನಲ್ಲಿ ನಿಂತರೆ ಹಲ್ಲು ಕಟಕಟ ಎನ್ನುತ್ತದೆ. ಸಿನಿಮಾಕ್ಕೆ ಹೋಗುವಾಗ ಸ್ವೆಟರ್ ಮರೆತರೆ ನಾವು ವಾಪಸ್ ಬಂದು ಕೊಂಡುಹೋಗುವವರು. ಊರಲ್ಲಿ ನಾನು ಸ್ವೆಟರ್ ಅಂತ ಕಂಡದ್ದೇ ಯಾರೋ ಊಟಿಗೆ ಹೋದ ಫೋಟೋದಲ್ಲಿ.

ನಮ್ಮ ಮನೆ ಅಲ್ ಬರ್ಷಾದಲ್ಲಿ. ಮೂರು ಜನ. ನಾನು, ಹೆಂಡತಿ ಐರಿನ್, ಮಗಳು ರಿಯೋನಾ. ನಾನು ಜೆಬೆಲ್ ಅಲಿಯಲ್ಲಿ ಶೀತಲ ಗೋದಾಮಿನ ಕೆಲಸದಲ್ಲಿದ್ದೇನೆ. ಮೀನು, ಮಾಂಸ, ಬಟಾಣಿ, ಐಸ್‌ಕ್ರೀಮು ತುಂಬಿದ ಕಂಟೇನರುಗಳು ಎಷ್ಟು ತಂಪಾಗಿ ಬಂದವು, ಎಷ್ಟು ತಂಪಾಗಿ ಹೋದವು ಎಂದು ನೋಡುವುದೇ ನನ್ನ ಉದ್ಯೋಗ. ಐರಿನ್ ಆಸ್ಪತ್ರೆಯಲ್ಲಿ ನರ್ಸು, ನವಜಾತ ಶಿಶುಗಳ ವಿಭಾಗ. ದಿನ ತುಂಬದೆ ಹುಟ್ಟಿದ ಅಂಗೈಯಗಲದ ಮಕ್ಕಳನ್ನು ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗಿಡುವುದು ಅವಳ ಉದ್ಯೋಗ. ಹೀಗೆ ಇಡೀ ದಿನ ಒಬ್ಬ ತಂಪು ಮಾಡುತ್ತಾನೆ, ಒಬ್ಬಳು ಬಿಸಿ ಮಾಡುತ್ತಾಳೆ. ಸಂಜೆ ಇಬ್ಬರೂ ಒಂದೇ ಹಾಲ್‌ನಲ್ಲಿ ಕೂತು ಏಸಿಯ ರಿಮೋಟಿಗಾಗಿ ಜಗಳಾಡುತ್ತೇವೆ. ನನಗೆ ಇಪ್ಪತ್ತು ಡಿಗ್ರಿ ಬೇಕು. ಅವಳಿಗೆ ಇಪ್ಪತ್ತಾರು. ಮದುವೆಯಾದ ಹೊಸತರಲ್ಲಿ ಅವಳು ಶಾಲು ಹೊದ್ದು ಸುಮ್ಮನೆ ಕೂರುತ್ತಿದ್ದಳು. ಆಮೇಲೆ ಶಾಲು ಹೊದ್ದು ಮಾತಾಡತೊಡಗಿದಳು. ಆದರೂ ಇಪ್ಪತ್ತು ಇಪ್ಪತ್ತಾಗಿಯೇ ಉಳಿದಿತ್ತು. ಮನೆಯ ಯಜಮಾನ ನಾನೆಂದು ತೋರಿಸಲು ನನಗೆ ಉಳಿದಿದ್ದ ಏಕೈಕ ಜಾಗ ಅದು.

ಈ ಸಂಸಾರದೊಳಕ್ಕೆ ಹಲ್ಲಿಯನ್ನು ತಂದವನು ಹಮೀದ್. ಹಮೀದ್ ನಮ್ಮ ಕಟ್ಟಡದಲ್ಲೇ ಎರಡು ಮಹಡಿ ಮೇಲೆ ಇದ್ದವನು, ಉಳ್ಳಾಲದ ಕಡೆಯ ಬ್ಯಾರಿ. ಅವನ ಕಂಪನಿಯೂ ಜೆಬೆಲ್ ಅಲಿಯಲ್ಲೇ ಆದ್ದರಿಂದ ವರ್ಷಗಟ್ಟಲೆ ನಾವಿಬ್ಬರು ಒಂದೇ ಕಾರಿನಲ್ಲಿ ಹೋಗಿ ಬರುತ್ತಿದ್ದೆವು. ಅವನ ಮಗಳು ಹಿಬಾ ಮತ್ತು ನನ್ನ ಮಗಳು ಒಂದೇ ತರಗತಿ, ಒಂದೇ ಸ್ಕೂಲ್ ಬಸ್ಸು, ಒಂದೇ ಸೀಟು. ಜೂನ್ ಕೊನೆಗೆ ಹಮೀದನ ಹೆಂಡತಿ ಜಮೀಲಾ ಮತ್ತು ಹಿಬಾ ರಜೆಗೆ ಊರಿಗೆ ಹೊರಟರು. ಹಮೀದನಿಗೆ ರಜೆ ಸಿಕ್ಕಿರಲಿಲ್ಲ. ಅವನು ಇಲ್ಲೇ ಉಳಿದ. ಆದರೆ ಹಲ್ಲಿಯನ್ನು ನೋಡಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಹಲ್ಲಿಯ ಊಟ ಜೀವಂತ ಮಿಡತೆ. ಹಮೀದನಿಗೆ ಮಿಡತೆ ಕಂಡರೆ ಹೆದರಿಕೆ.

ಹೊರಡುವ ಹಿಂದಿನ ದಿನ ಹಿಬಾ ಗಾಜಿನ ತೊಟ್ಟಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಮ್ಮ ಬಾಗಿಲಲ್ಲಿ ನಿಂತಳು. ಹಿಂದೆ ಹಮೀದ್ ಮಿಡತೆಯ ಡಬ್ಬಿಯನ್ನು ದೇಹದಿಂದ ಸಾಧ್ಯವಾದಷ್ಟು ದೂರ ಹಿಡಿದುಕೊಂಡು ನಿಂತಿದ್ದ.

“ಅಂಕಲ್, ಇದು ಬನ್ಸ್,” ಎಂದಳು ಹಿಬಾ. “ಎರಡು ತಿಂಗಳು ಮಾತ್ರ. ಇದಕ್ಕೆ ಚಳಿ ಆಗ್ಬಾರ್ದು, ಆಯ್ತಾ?”

“ದುಬೈಯಲ್ಲಿ ಎಂತ ಚಳಿ ಮಾರಾಯ್ತಿ?” ಎಂದು ನಾನು ದೊಡ್ಡದಾಗಿ ನಕ್ಕೆ.

“ಇದ್ರ ಹೀಟರ್ ಹಾಳಾಗಿ ಹೋಗಿದೆ. ನಮ್ಮಲ್ಲಿ ಉಮ್ಮ ಏಸಿ ಜಾಸ್ತಿ ಹಾಕೂದಿಲ್ಲ, ಹಾಗಾಗಿ ಪ್ರಾಬ್ಲಮ್ ಇಲ್ಲ. ನಿಮ್ಮಲ್ಲಿ...” ಎಂದು ಅವಳು ನಮ್ಮ ಹಾಲ್‌ನೊಳಗೆ ಒಂದು ಹೆಜ್ಜೆ ಇಟ್ಟು ತೋಳುಜ್ಜಿಕೊಂಡಳು. ಮುಂದಿನ ಮಾತನ್ನು ಮರ್ಯಾದೆಯಿಂದ ನುಂಗಿದಳು. ಐರಿನ್ ಅಡುಗೆಮನೆಯಿಂದ ಕೆಮ್ಮಿದಳು.

ಬನ್ಸ್ ಎಂದರೆ ನಮ್ಮ ಮಂಗಳೂರಿನ ಬನ್ಸೇ. ಹಳದಿ ಮೈಯ ಮೇಲೆ ಕಂದುಕಪ್ಪು ಚುಕ್ಕೆ, ಉಬ್ಬಿದ ದಪ್ಪ ಬಾಲ. ಎಣ್ಣೆಯಿಂದ ಆಗತಾನೆ ಎತ್ತಿದಂತೆ ಕಾಣುತ್ತಿತ್ತು. ಚಿರತೆಯ ಚುಕ್ಕೆ ಇರುವುದರಿಂದ ಇದಕ್ಕೆ ಲೆಪರ್ಡ್ ಗೆಕೋ ಎಂದು ಹೆಸರು. ಊರಿನ ಗೋಡೆಹಲ್ಲಿಗೂ ಇದಕ್ಕೂ ದಾಯಾದಿ ಸಂಬಂಧ ಅಷ್ಟೆ. ಇದು ಗೋಡೆ ಹತ್ತುವುದಿಲ್ಲ, ಲೊಚಗುಟ್ಟುವುದಿಲ್ಲ, ಶಕುನ ಹೇಳುವುದಿಲ್ಲ. ಇದಕ್ಕೆ ರೆಪ್ಪೆಯಿದೆ. ಕಣ್ಣು ಮಿಟುಕಿಸುತ್ತದೆ. ಬಾಯಿಯ ಅಂಚು ಮೇಲಕ್ಕೆ ಬಾಗಿರುವುದರಿಂದ ಸದಾ ನಗುತ್ತಿರುವ ಹಾಗೆ, ಅದೂ ನಮ್ಮನ್ನೇ ನೋಡಿ ನಗುತ್ತಿರುವ ಹಾಗೆ ಕಾಣುತ್ತದೆ. ನನಗೆ ಅದು ಮೊದಲ ದಿನವೇ ಸ್ವಲ್ಪ ಕಿರಿಕಿರಿಯಾಗಿತ್ತು.

ಐರಿನ್ ಹಲ್ಲಿಯ ವಿಷಯದಲ್ಲಿ ಸ್ಪಷ್ಟ ನಿಲುವು ಉಳ್ಳವಳು. “ತೊಟ್ಟಿ ಎಲ್ಲಿ ಬೇಕಾದ್ರೂ ಇಡಿ. ನಾನು ನೋಡುದಿಲ್ಲ, ಮುಟ್ಟುದಿಲ್ಲ, ಅದರ ಹೆಸರು ಹೇಳಿ ಕರೆಯುದಿಲ್ಲ,” ಎಂದಳು. ನಮ್ಮ ಮನೆಮಾತು ಕೊಂಕಣಿ. ಅವಳು ಹೇಳಿದ್ದನ್ನು ಕನ್ನಡಕ್ಕೆ ತರುವಾಗ ಒಂದೆರಡು ಗಟ್ಟಿ ಶಬ್ದಗಳನ್ನು ನಾನೇ ಬಿಟ್ಟಿದ್ದೇನೆ. ಹಾಲ್‌ನ ಮೂಲೆಯಲ್ಲಿ, ಏಸಿಯ ನೇರ ಎದುರು, ಬನ್ಸ್‌ನ ಬಿಡಾರವಾಯಿತು. ಒಳ್ಳೆಯ ಗಾಳಿ ಬರಲಿ ಎಂದು ನಾನೇ ಆರಿಸಿದ ಜಾಗ.

ಒಂದು ವಾರದಲ್ಲಿ ಬನ್ಸ್ ಊಟ ಬಿಟ್ಟಿತು. ಮಿಡತೆ ಮೂಗಿನ ಮುಂದೆಯೇ ಹಾದುಹೋದರೂ ಕಣ್ಣು ಮಿಟುಕಿಸಿ ಸುಮ್ಮನಾಗುತ್ತಿತ್ತು. ಬಾಲ ಇಳಿಯತೊಡಗಿತು. ಒಂಟೆಗೆ ಡುಬ್ಬ ಹೇಗೋ ಈ ಹಲ್ಲಿಗೆ ಬಾಲ ಹಾಗೆ. ಕೊಬ್ಬು ಕೂಡಿಡುವುದು ಅಲ್ಲಿ. ಅದು ತೆಳುವಾಯಿತೆಂದರೆ ಹೊಟ್ಟೆಗೆ ಇಲ್ಲ ಎಂದರ್ಥ.

“ಊರು ಬಿಟ್ಟು ಬಂದ ಬೇಜಾರು. ಎಲ್ಲರಿಗೂ ಇರ್ತದೆ. ನಾನು ಬಂದ ಹೊಸತರಲ್ಲಿ ನನಗೂ ಊಟ ಸೇರ್ತಿರಲಿಲ್ಲ,” ಎಂದು ನಾನು ಮಗಳಿಗೆ ಸಮಾಧಾನ ಹೇಳಿದೆ.

“ಡ್ಯಾಡಾ, ಇಟ್ಸ್ ನಾಟ್ ಸ್ಯಾಡ್. ಇಟ್ಸ್ ಕೋಲ್ಡ್,” ಎಂದಳು ರಿಯೋನಾ. “ಹೊಟ್ಟೆ ಅಡಿಗೆ ಬಿಸಿ ಇಲ್ಲದಿದ್ರೆ ಅದಕ್ಕೆ ತಿಂದದ್ದು ಜೀರ್ಣ ಆಗೂದಿಲ್ಲ. ಹಿಬಾ ಟೋಲ್ಡ್ ಯು.”

ಇಷ್ಟಾದ ಮೇಲೆ ರಿಮೋಟಿನಲ್ಲಿ ನಾಲ್ಕೈದು ಡಿಗ್ರಿ ಏರಿಸಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಆದರೆ ಒಂದು ಹಲ್ಲಿಗಾಗಿ ಇಪ್ಪತ್ತನ್ನು ಬಿಟ್ಟುಕೊಡುವುದೆ? ನಾನು ಸಾಕುಪ್ರಾಣಿ ಅಂಗಡಿಗೆ ಹೋಗಿ ಈ ಕಪ್ಪು ಹಾಳೆಯನ್ನು ಕೊಂಡೆ. ಅಂಗಡಿಯ ಹುಡುಗಿ ಜತೆಗೊಂದು ಥರ್ಮೋಸ್ಟಾಟ್ ಬೇಕೇ ಬೇಕು, ಇಲ್ಲದಿದ್ದರೆ ಹಾಳೆ ಕಾಯುತ್ತಲೇ ಹೋಗುತ್ತದೆ ಎಂದು ಎರಡು ಸಲ ಹೇಳಿದಳು. ನಾನು ಮುಗುಳ್ನಕ್ಕು, ನಾನು ಟೆಂಪರೇಚರ್ ಲೈನಿನಲ್ಲೇ ಇರುವವನು ಎಂದು ತಿಳಿಸಿದೆ. ಅವಳು ಮೂರನೆಯ ಸಲ ಹೇಳಲಿಲ್ಲ.

ಹಾಳೆಯನ್ನು ತೊಟ್ಟಿಯ ಒಂದು ಬದಿಯ ತಳಕ್ಕೆ ಅಂಟಿಸಿ ಪ್ಲಗ್ ಹಾಕಿದೆ. ಗುಂಡಗಿನ ಮುಳ್ಳಿನ ಥರ್ಮಾಮೀಟರೊಂದನ್ನು ಎದುರಿನ ಗಾಜಿಗೆ, ಸೋಫಾದಲ್ಲಿ ಕೂತವರಿಗೆ ಕಾಣುವ ಎತ್ತರದಲ್ಲಿ ಅಂಟಿಸಿದೆ. ಮುಳ್ಳು ಮೆಲ್ಲಗೆ ಏರಿ ಇಪ್ಪತ್ತಾರಕ್ಕೆ ನಿಂತಿತು. ಇನ್ನೂ ಏರಲಿ ಎಂದು ಹಾಗೇ ಬಿಟ್ಟೆ. ಬಂದವರಿಗೆಲ್ಲ ತೋರಿಸಿದೆ.

ಹಿಡಿತದಲ್ಲಿರುವ ಬಿಸಿಯ ಬಗ್ಗೆ ಹೇಳುವಾಗ ನನಗೆ ನಮ್ಮ ಅಜ್ಜಿಯ ಕೋಳಿಮರಿಗಳು ನೆನಪಾಗುತ್ತವೆ. ಮಂಗಳೂರಿನ ಕುಲಶೇಖರದಲ್ಲಿದ್ದ ಮನೆಯಲ್ಲಿ ಅಜ್ಜಿ ಮಳೆಗಾಲದ ಮೊದಲು ಒಂದು ದಿನದ ಮರಿಗಳನ್ನು ತರಿಸುತ್ತಿದ್ದಳು. ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ, ತಳಕ್ಕೆ ಮರದ ಹುಡಿ, ಮೇಲೊಂದು ಅರವತ್ತು ಕ್ಯಾಂಡಲಿನ ಬಲ್ಬು. ಬಲ್ಬಿನ ವಯರನ್ನು ಅಟ್ಟದ ಕೊಕ್ಕೆಗೆ ಸುತ್ತಿರುತ್ತಿದ್ದಳು. ಮರಿಗಳೆಲ್ಲ ಬಲ್ಬಿನ ಅಡಿಗೆ ಮುದ್ದೆಯಾದರೆ ಒಂದು ಸುತ್ತು ಬಿಚ್ಚಿ ಬಲ್ಬನ್ನು ಇಳಿಸುವುದು. ಕೊಕ್ಕು ತೆರೆದು ಮೂಲೆಗಳಿಗೆ ಓಡಿದರೆ ಒಂದು ಸುತ್ತು ಸುತ್ತಿ ಏರಿಸುವುದು. ಅಲ್ಲಲ್ಲಿ ಚೆದುರಿ ಕಾಳು ಹೆಕ್ಕುತ್ತಿದ್ದರೆ ತಾನು ಹೋಗಿ ಜಪಮಾಲೆ ಹಿಡಿಯುವುದು. ಆ ಮನೆಯಲ್ಲಿ ಥರ್ಮಾಮೀಟರ್ ಎಂದರೆ ಜ್ವರ ಬಂದಾಗ ಪಕ್ಕದ ಮನೆಯಿಂದ ತರುವ ವಸ್ತು. ಏಪ್ರಿಲ್ ತಿಂಗಳ ಸೆಖೆಯಲ್ಲಿ ಮನುಷ್ಯರಾದ ನಮಗೆ ಇದ್ದದ್ದು ಹಾಲ್‌ನಲ್ಲಿ ಒಂದೇ ಫ್ಯಾನು. ನಾವು ಮಕ್ಕಳು ಕೆಂಪು ಸಿಮೆಂಟಿನ ನೆಲದ ಮೇಲೆ ಬರಿಮೈಯಲ್ಲಿ ಮಲಗಿ, ಒಂದು ಜಾಗ ಬಿಸಿಯಾದರೆ ಪಕ್ಕದ ತಣ್ಣಗಿನ ಜಾಗಕ್ಕೆ ಉರುಳುತ್ತಿದ್ದೆವು. ಬೆಳಗಾಗುವಾಗ ಒಬ್ಬೊಬ್ಬ ಒಂದೊಂದು ಕೋಣೆಯಲ್ಲಿ ಸಿಗುತ್ತಿದ್ದ. ಈಗ ಯೋಚಿಸಿದರೆ, ಆ ನೆಲದ ಮೇಲೆ ನಾವು ಮಾಡುತ್ತಿದ್ದದ್ದು ಹಲ್ಲಿಗಳು ಮಾಡುವುದನ್ನೇ: ಬಿಸಿ ಸಾಕಾದಾಗ ತಂಪಿಗೆ, ತಂಪು ಸಾಕಾದಾಗ ಬಿಸಿಗೆ.

ಇಷ್ಟೆಲ್ಲ ನೋಡಿ ಬೆಳೆದವನು ನಾನು. ಆದರೆ ನನ್ನ ಕಣ್ಣು ಮುಳ್ಳಿನ ಮೇಲಿತ್ತು, ಹಲ್ಲಿಯ ಮೇಲಿರಲಿಲ್ಲ.

ಶನಿವಾರ ಮಧ್ಯಾಹ್ನ ಐರಿನ್ ಹಾಲ್ ಒರೆಸುತ್ತಿದ್ದಳು. ನೋಡುವುದಿಲ್ಲ ಎಂದು ಶಪಥ ಮಾಡಿದವರು ಓರೆಗಣ್ಣಿನಲ್ಲಿ ಎಲ್ಲವನ್ನೂ ನೋಡುತ್ತಾರೆ.

“ವಾಲ್ಟರ್, ಇದು ಯಾಕೆ ಹೀಗೆ ನಿಂತಿದೆ?” ಎಂದಳು.

ಬನ್ಸ್ ತೊಟ್ಟಿಯ ಇನ್ನೊಂದು ತುದಿಯ ಗಾಜಿಗೆ ಒತ್ತಿಕೊಂಡು, ನಾಲ್ಕೂ ಕಾಲು ಚಾಚಿ ಹೊಟ್ಟೆಯನ್ನು ನೆಲದಿಂದ ಎತ್ತಿ ನಿಂತಿತ್ತು. ಯೋಗಾಸನದ ಹಾಗೆ.

“ಆಟ ಆಡ್ತಾ ಇದೆ,” ಎಂದೆ.

ಐರಿನ್ ಒರೆಸುವ ಬಟ್ಟೆ ಕೆಳಗಿಟ್ಟು, ತೊಟ್ಟಿಯ ಮುಚ್ಚಳ ತೆಗೆದು, ಹೀಟರಿನ ಮೇಲಿನ ನೆಲಕ್ಕೆ ಅಂಗೈ ಇಟ್ಟಳು. ಇಟ್ಟಷ್ಟೇ ಬೇಗ ತೆಗೆದಳು. “ಇದು ದೋಸೆ ಕಲ್ಲು ಮಾರಾಯ! ನೀರು ಚಿಮುಕಿಸಿದ್ರೆ ಚುಂಯ್ ಅಂತದೆ!”

ನಾನು ಮುಳ್ಳಿನತ್ತ ಬೆರಳು ತೋರಿಸಿದೆ. ಇಪ್ಪತ್ತಾರು. ಅವಳು ಮುಳ್ಳನ್ನು ನೋಡಲೇ ಇಲ್ಲ. ಒಳಗೆ ಹೋಗಿ ಕೊರೋನಾ ಕಾಲದಲ್ಲಿ ಕೊಂಡಿದ್ದ, ಹಣೆಗೆ ಹಿಡಿಯುವ ಪಿಸ್ತೂಲಿನಂಥ ಥರ್ಮಾಮೀಟರ್ ತಂದು ತೊಟ್ಟಿಯ ನೆಲಕ್ಕೆ ಗುರಿಯಿಟ್ಟಳು. ಅದು ಮನುಷ್ಯರ ಜ್ವರಕ್ಕಾಗಿ ಮಾಡಿದ್ದು. ಮನುಷ್ಯ ಬದುಕಿರಲು ಸಾಧ್ಯವಿಲ್ಲದ ಬಿಸಿ ಕಂಡರೆ ಅಂಕಿಯ ಬದಲು ಇಂಗ್ಲಿಷಿನ ಎಚ್, ಐ ಎಂಬ ಎರಡೇ ಅಕ್ಷರದಲ್ಲಿ ‘ಹೈ’ ಎಂದು ತೋರಿಸಿ ಕೀಚ್ ಕೀಚ್ ಎಂದು ಕೂಗುತ್ತದೆ. ಕೂಗಿತು.

“ಅದು ನಿಮಗೆ ಹಾಯ್ ಹೇಳ್ತಾ ಉಂಟು,” ಎಂದಳು ರಿಯೋನಾ. ಅವಳ ಕಣ್ಣಲ್ಲಿ ನೀರಿತ್ತು.

ಐರಿನ್ ಪ್ಲಗ್ ಕಿತ್ತಳು. ಆಮೇಲೆ, ಮುಟ್ಟುವುದಿಲ್ಲ ಎಂದಿದ್ದವಳು, ಎರಡೂ ಕೈಗಳನ್ನು ದೊನ್ನೆಯಂತೆ ಮಾಡಿ ಬನ್ಸ್‌ನ ಹೊಟ್ಟೆಯ ಅಡಿಗೆ ತೂರಿಸಿ ಎತ್ತಿದಳು. ತೂಕವಿಲ್ಲದ ಜೀವಗಳನ್ನು ಎತ್ತಿ ಅಭ್ಯಾಸವಿರುವ ಕೈ ಅದು. ಹೊಟ್ಟೆ ಕೆಂಪಾಗಿತ್ತು. “ಕೀ ತೆಗೆ,” ಎಂದಳು ನನ್ನತ್ತ ನೋಡದೆ. “ಡಾಕ್ಟರ್ ಹತ್ರ ಹೋಗುವ.”

ಪಶುವೈದ್ಯೆ ಈಜಿಪ್ಟಿನ ಹೆಂಗಸು. ಹಲ್ಲಿಯನ್ನು ಮಗುಚಿ ನೋಡಿ, ಚರ್ಮ ಸುಟ್ಟಿದೆ, ಆಳಕ್ಕೆ ಹೋಗಿಲ್ಲ, ಹೆಚ್ಚೆಂದರೆ ಒಂದು ಕಲೆ ಉಳಿಯಬಹುದು ಎಂದಳು. ಮುಲಾಮು ಬರೆದುಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಥರ್ಮೋಸ್ಟಾಟ್ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಇಲ್ಲ. ಥರ್ಮಾಮೀಟರ್ ಇದೆ.”

“ಎಲ್ಲಿ?”

“ತೊಟ್ಟಿಯ ಗೋಡೆಯ ಮೇಲೆ.”

“ಈ ಪ್ರಾಣಿ ಗೋಡೆಯ ಮೇಲೆ ನಡೆಯುವುದಿಲ್ಲವಲ್ಲ ಹಬೀಬಿ,” ಎಂದಳು.

ನಿಮಗೊಂದು ಮಾತು ಹೇಳುತ್ತೇನೆ. ಆಫೀಸಿನವರ ಕಿವಿಗೆ ಬೀಳದಿರಲಿ. ಕಂಟೇನರಿನ ಬಿಸಿ ಅಳೆಯುವ ಕಡ್ಡಿಯನ್ನು ಮೀನಿನ ಪೆಟ್ಟಿಗೆಗಳ ನಡುವೆ ಇಡದೆ ಬಾಗಿಲ ಬಳಿ ನೇತುಹಾಕಿ, ಎಲ್ಲ ಸರಿಯಿದೆ ಎಂದು ಬರೆದು ಕಳಿಸುವವರಿಗೆ ಖಾರವಾದ ಇಮೇಲ್ ಬರೆಯುವುದರಲ್ಲಿ ನಮ್ಮ ಗೋದಾಮಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅಳೆಯಬೇಕಾದದ್ದು ಗಾಳಿಯನ್ನಲ್ಲ, ಸರಕನ್ನು ಎಂಬುದು ನನ್ನ ಸಹಿಯಷ್ಟೇ ಪ್ರಸಿದ್ಧವಾದ ವಾಕ್ಯ. ಆ ದಿನ ಕ್ಲಿನಿಕ್ಕಿನಲ್ಲಿ ಸರಕು ಮೇಜಿನ ಮೇಲೆ ಮಲಗಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿತು. ಬಾಯಿ ಎಂದಿನಂತೆ ನಗುತ್ತಿತ್ತು.

ಅಲ್ಲಿಂದ ಆಚೆಗೆ ಇಲಾಖೆ ಐರಿನ್‌ಳ ಕೈಗೆ ಹೋಯಿತು. “ಮೈಬಿಸಿ ನೋಡುವ ಪ್ರೋಬ್ ಅಂಟಿಸದೆ ವಾರ್ಮರಿನಲ್ಲಿ ಮಗುವನ್ನು ಮಲಗಿಸಿದ್ರೆ ನನ್ನ ಲೈಸೆನ್ಸ್ ಹೋಗ್ತದೆ, ಗೊತ್ತುಂಟಾ ನಿನಗೆ?” ಎಂದು ಶುರು ಮಾಡಿದವಳು ನಿಲ್ಲಿಸಲು ಬಹಳ ದಿನ ಹಿಡಿಯಿತು. ನನ್ನ ಹಾಳೆಯನ್ನು ಕಿತ್ತು ಕಪಾಟಿನ ಮೇಲೆ ಎಸೆದಳು. ಚಿಕ್ಕದೊಂದು ಹಾಳೆ, ಜತೆಗೆ ಥರ್ಮೋಸ್ಟಾಟ್ ಬಂತು. ಹಾಳೆ ತೊಟ್ಟಿಯ ಮೂರನೆಯ ಒಂದು ಭಾಗಕ್ಕೆ ಮಾತ್ರ, ಉಳಿದದ್ದು ತಂಪಿಗೆ. ಥರ್ಮೋಸ್ಟಾಟಿನ ಕಡ್ಡಿ ಹಲ್ಲಿ ಹೊಟ್ಟೆಯಿಡುವ ನೆಲಕ್ಕೇ ಅಂಟಿಕೊಂಡು ಕೂತಿತು. ಮಗುವಿನ ಎದೆಗೆ ಅಂಟಿಸುವ ಹಾಗೆ ಅವಳೇ ಅಂಟಿಸಿದ್ದು. ನೆಲ ಮೂವತ್ತೆರಡಕ್ಕೆ ಬಂದರೆ ಹೀಟರ್ ತಾನಾಗಿ ನಿಲ್ಲಬೇಕು, ಇಳಿದರೆ ತಾನಾಗಿ ಹತ್ತಬೇಕು. ಬಿಸಿ ಬದಿಗೆ ಅಡಗಲು ಒಂದು ಮಡಕೆಯ ಚೂರು, ತಂಪು ಬದಿಗೆ ಇನ್ನೊಂದು. ಎಲ್ಲಿರಬೇಕೆಂದು ಹಲ್ಲಿಯೇ ತೀರ್ಮಾನಿಸಲಿ. ಅಜ್ಜಿಯ ಕೋಳಿಮರಿಗಳ ವಿಷಯ ಅವಳಿಗೆ ನಾನು ಹೇಳಿರಲಿಲ್ಲ. ಹೇಳಿದ್ದರೆ ಇನ್ನಷ್ಟು ಕೇಳಬೇಕಾಗುತ್ತಿತ್ತು.

ಕೊನೆಗೆ ರಿಮೋಟ್ ಎತ್ತಿಕೊಂಡಳು.

“ತಂಪು ಬದಿ ಇಪ್ಪತ್ತೈದು ಇರಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ನಿನ್ನ ಇಪ್ಪತ್ತರಲ್ಲಿ ಅದು ಆಗೂದಿಲ್ಲ.”

“ಅದು ಹಲ್ಲಿಗೆ ಹೇಳಿದ್ದು.”

“ಹೌದು. ಹಲ್ಲಿಗೇ. ನನಗಲ್ಲ ಅಲ್ವಾ? ನನಗಾದ್ರೆ ಶಾಲು ಉಂಟು.”

ಏಸಿ ಇಪ್ಪತ್ತಾರಕ್ಕೆ ಏರಿತು. ಹದಿನಾಲ್ಕು ವರ್ಷ ಹೆಂಡತಿ ಕೇಳಿ ಸಿಗದ್ದು ಹೊಟ್ಟೆ ಸುಟ್ಟ ಹಲ್ಲಿಗೆ ಒಂದೇ ವಾರದಲ್ಲಿ ಸಿಕ್ಕಿತು. ನಾನು ಬನಿಯನ್ನಿನಲ್ಲಿ ಟೇಬಲ್ ಫ್ಯಾನಿನ ಎದುರು ಕೂತೆ. ಐರಿನ್‌ಳ ಶಾಲು ಬಾಗಿಲ ಹಿಂದಿನ ಮೊಳೆಯಲ್ಲಿ ತೂಗಾಡುತ್ತಿತ್ತು. ಬನ್ಸ್ ಮಿಡತೆ ತಿನ್ನತೊಡಗಿತು. ಅದರ ಬಾಲ ಮತ್ತೆ ಬನ್ಸ್‌ನಂತೆ ಉಬ್ಬಿತು.

ಇದೇ ದಿನಗಳಲ್ಲಿ, ಒಂದು ಬೆಳಿಗ್ಗೆ ಕಾರಿನಲ್ಲಿ ಹಮೀದ್, ಜೆಬೆಲ್ ಅಲಿಯ ತಿರುವು ಬರುವಾಗ, “ಖಲಾಸ್ ಮಾರಾಯ,” ಎಂದ. “ನಮ್ಮ ಸೆಕ್ಷನ್ ಮುಚ್ಚಿದ್ರು. ಈ ತಿಂಗಳು ಕೊನೆ.”

ಈ ಊರಿನಲ್ಲಿ ಆ ಮಾತಿನ ಅರ್ಥ ಕೆಲಸ ಹೋಯಿತು ಎಂದಷ್ಟೇ ಅಲ್ಲ. ಕೆಲಸದ ಹಿಂದೆ ವೀಸಾ, ವೀಸಾದ ಹಿಂದೆ ಮನೆ, ಮನೆಯ ಹಿಂದೆ ಮಗುವಿನ ಶಾಲೆ, ಎಲ್ಲ ಒಂದೇ ದಾರಕ್ಕೆ ಪೋಣಿಸಿರುತ್ತದೆ.

“ಜಮೀಲಾನಿಗೆ ಹೇಳಿದ್ದೇನೆ. ಹಿಬಾಳಿಗೆ ಗೊತ್ತಾಗ್ಬಾರ್ದು. ಅವಳ ಹತ್ರ ನನಗೆ ಅಬುಧಾಬಿಗೆ ಟ್ರಾನ್ಸ್‌ಫರ್ ಅಂತ ಹೇಳಿದ್ದೇನೆ. ನೀನೂ ಹಾಗೇ ಹೇಳು. ರಿಯೋನಾಳಿಗೂ ಅಷ್ಟೇ. ಮಕ್ಕಳು ಫೋನಲ್ಲಿ ಮಾತಾಡ್ತಾರಲ್ಲ.”

“ಆಯ್ತು,” ಎಂದೆ. “ಹಲ್ಲಿಯ ಹೊಟ್ಟೆ ಸುಟ್ಟದ್ದನ್ನು ನೀನೂ ಹಿಬಾಳಿಗೆ ಹೇಳ್ಬೇಡ.” ಹೀಗೆ ಎರಡು ಮನೆಯ ಹಿರಿಯರು ಒಂದು ಒಪ್ಪಂದಕ್ಕೆ ಬಂದೆವು. ಆ ಕಡೆಯಿಂದ ಒಂದು ಸುದ್ದಿ, ಈ ಕಡೆಯಿಂದ ಒಂದು ಸುದ್ದಿ, ಮಕ್ಕಳಿಗೆ ತಟ್ಟದಂತೆ.

ಹಮೀದ್ ಮನೆ ಖಾಲಿ ಮಾಡಿ, ಅಬುಧಾಬಿಯಲ್ಲಿ ಭಾವನ ಜತೆ ಒಂದು ಬೆಡ್‌ಸ್ಪೇಸಿನಲ್ಲಿ ಉಳಿದು ಕೆಲಸ ಹುಡುಕತೊಡಗಿದ. ಬೆಡ್‌ಸ್ಪೇಸ್ ಎಂದರೆ ಬಾಡಿಗೆಗೆ ಸಿಗುವ ಒಂದು ಮಂಚ, ಕೋಣೆಯಲ್ಲ. ಆಗಸ್ಟ್ ಮುಗಿದು ಶಾಲೆ ಶುರುವಾಯಿತು. ಸ್ಕೂಲ್ ಬಸ್ಸಿನಲ್ಲಿ ರಿಯೋನಾಳ ಪಕ್ಕದ ಸೀಟು ಖಾಲಿ. ‘ಎರಡು ತಿಂಗಳು ಮಾತ್ರ’ ಎಂದಿದ್ದ ಬನ್ಸ್ ನಮ್ಮ ಹಾಲ್‌ನಲ್ಲೇ ಇತ್ತು.

“ಹಿಬಾ ಯಾವಾಗ ಬರೂದು?” ಎಂದು ಬೇಕೆಂದೇ ಮಗಳನ್ನು ಕೇಳಿದರೆ, “ಟ್ರಾನ್ಸ್‌ಫರ್ ಆಗ್ತಾ ಉಂಟಲ್ಲ ಡ್ಯಾಡಾ, ಟೈಮ್ ಬೇಕು,” ಎನ್ನುತ್ತಿದ್ದಳು. ನಾನು ಹೇಳಿಕೊಟ್ಟ ಮಾತನ್ನು ಎಷ್ಟು ಚೆನ್ನಾಗಿ ನಂಬಿದ್ದಾಳೆ ಎಂದು ನನಗೆ ನೆಮ್ಮದಿ. ಐರಿನ್ ಮಾತ್ರ ಈ ಏರ್ಪಾಡನ್ನು ಒಪ್ಪಿರಲಿಲ್ಲ. “ಮಕ್ಕಳು ಮೀನಿನ ಪೆಟ್ಟಿಗೆಗಳಲ್ಲ,” ಎಂದಿದ್ದಳು ಒಮ್ಮೆ. ನಾನು ಅದನ್ನು ಉದ್ಯೋಗದ ಬಗೆಗಿನ ವ್ಯಂಗ್ಯ ಎಂದುಕೊಂಡು ಬಿಟ್ಟೆ.

ಸೆಪ್ಟೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ಕಟ್ಟಡದ ಏಸಿ ಯಂತ್ರ ಕೆಟ್ಟಿತು. ಒಂದು ಮನೆಯದಲ್ಲ, ಇಡೀ ಕಟ್ಟಡದ್ದು. ಅರ್ಧ ಗಂಟೆಯಲ್ಲಿ ಗೋಡೆಗಳು ಬೆಚ್ಚಗಾದವು, ಒಂದು ಗಂಟೆಯಲ್ಲಿ ಸೋಫಾ ಬೆಚ್ಚಗಾಯಿತು. ಕೆಳಗೆ ನಾತೂರ್, ಅಂದರೆ ನಮ್ಮ ವಾಚ್‌ಮನ್, ಮಲಪ್ಪುರದವನು, ಎಲ್ಲರಿಗೂ ಮೂರು ಭಾಷೆಯಲ್ಲಿ ಒಂದೇ ಉತ್ತರ ಕೊಡುತ್ತಿದ್ದ: “ಟೆಕ್ನಿಷಿಯನ್ ಆನ್ ದ ವೇ.” ಜನರೆಲ್ಲ ಮಕ್ಕಳನ್ನು ಎತ್ತಿಕೊಂಡು ಮಾಲ್‌ಗೆ ಹೊರಟರು.

ನಾವೂ ಹೊರಡಲು ಎದ್ದೆವು. ಆಗ ರಿಯೋನಾ ತೊಟ್ಟಿಯ ಎದುರು ಕೂತುಬಿಟ್ಟಳು. ಥರ್ಮೋಸ್ಟಾಟ್ ತನ್ನ ಕೆಲಸ ಮಾಡಿತ್ತು. ಹೀಟರ್ ಎಂದೋ ಆರಿತ್ತು. ಆದರೆ ಹಾಲ್ ತಾನೇ ಮೂವತ್ತೈದು ದಾಟಿತ್ತು. ತೊಟ್ಟಿಯಲ್ಲಿ ಈಗ ಬಿಸಿ ಬದಿ ಇತ್ತು, ಇನ್ನೂ ಬಿಸಿಯಾದ ಬದಿ ಇತ್ತು. ತಂಪು ಬದಿ ಇರಲಿಲ್ಲ. ಬನ್ಸ್ ಬಾಯಿ ತೆರೆದುಕೊಂಡಿತ್ತು. ಈ ಸಲ ನಗುವಲ್ಲ.

“ಮಾಲ್‌ನಲ್ಲಿ ಹಲ್ಲಿಯನ್ನು ಬಿಡೂದಿಲ್ಲ. ನೀವು ಹೋಗಿ. ನಾನು ಇದರ ಜತೆ ಇರ್ತೇನೆ,” ಎಂದಳು ರಿಯೋನಾ.

ಐರಿನ್ ಚಪ್ಪಲಿ ಕಳಚಿದಳು. ಫ್ರೀಜರಿನಿಂದ ನೀರಿನ ಬಾಟಲಿ ತೆಗೆದು, ಟವಲಿನಲ್ಲಿ ಸುತ್ತಿ, ತೊಟ್ಟಿಯ ಹೊರಗೆ, ತಂಪಾಗಬೇಕಾದ ಬದಿಯ ಗಾಜಿಗೆ ಒರಗಿಸಿದಳು. “ಒಳಗೆ ಇಡ್ಬಾರ್ದು. ಒಮ್ಮೆಲೇ ತಣ್ಣಗಾದ್ರೂ ತೊಂದರೆ,” ಎಂದಳು. ಒದ್ದೆ ಬಟ್ಟೆಯೊಂದನ್ನು ಮುಚ್ಚಳದ ಅರ್ಧಕ್ಕೆ ಹೊದಿಸಿದಳು. ನನ್ನ ಕೆಲಸ ರಟ್ಟಿನಿಂದ ಗಾಳಿ ಹಾಕುವುದು, ಬಾಟಲಿ ಕರಗಿದಾಗ ಬದಲಿಸುವುದು. ಬಾಟಲಿ ಮುಗಿದಾಗ ಫ್ರೀಜರಿನಲ್ಲಿದ್ದ ಬಂಗುಡೆಯ ಪ್ಯಾಕೆಟ್ಟನ್ನೇ ಟವಲಿನಲ್ಲಿ ಸುತ್ತಿ ಒರಗಿಸಿದೆವು. ಹೆಪ್ಪುಗಟ್ಟಿದ ಮೀನಿನ ಬಗ್ಗೆ ನನ್ನ ವೃತ್ತಿಜ್ಞಾನ ಮನೆಗೆ ಉಪಯೋಗವಾದದ್ದು ಅದೊಂದೇ ಸಲ. ಮೂವರೂ ಬೆವರಿನಲ್ಲಿ ತೊಯ್ದು ನೆಲದ ಮೇಲೆ ತೊಟ್ಟಿಯ ಸುತ್ತ ಕೂತಿದ್ದೆವು. ರಿಯೋನಾ ಒಂದು ಕೈಯಲ್ಲಿ ಫೋನಿನಲ್ಲಿ ಟಕಟಕ ಬರೆಯುತ್ತಲೇ ಇದ್ದಳು. ಇಂಥ ಹೊತ್ತಿನಲ್ಲೂ ಫೋನು ಬಿಡುವುದಿಲ್ಲವಲ್ಲ ಈ ಪೀಳಿಗೆ ಎಂದು ನಾನು ಗೊಣಗಿದೆ. ಸಂಜೆ ಏಸಿ ಬರುವ ಮೊದಲೇ ಬನ್ಸ್ ಬಾಯಿ ಮುಚ್ಚಿ, ತಂಪು ಬದಿಯ ಮಡಕೆ ಚೂರಿನಡಿ ಹೋಗಿ ಮಲಗಿತು. ಐರಿನ್ ಗಾಜಿಗೆ ಹಣೆಯಿಟ್ಟು, “ಗುಡ್ ಬಾಯ್, ಬನ್ಸ್,” ಎಂದಳು. ಹೆಸರು ಹೇಳಿ ಕರೆಯುವುದಿಲ್ಲ ಎಂದವಳು. ಅದು ಗಂಡೋ ಹೆಣ್ಣೋ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಹಮೀದನ ಫೋನು ಬಂತು. ಕೆಲಸ ಸಿಕ್ಕಿತ್ತು, ಅಬುಧಾಬಿಯಲ್ಲೇ. ಚಿಕ್ಕದೊಂದು ಮನೆ ಹಿಡಿದಿದ್ದ, ಹೆಂಡತಿ ಮಗಳು ಬಂದಿಳಿದಿದ್ದರು. ಮುಂದಿನ ಭಾನುವಾರ ಬನ್ಸ್‌ನನ್ನು ತಲುಪಿಸಲು ನಾವು ಹೊರಟೆವು. ಅಕ್ಟೋಬರಿನಲ್ಲೂ ನಿಲ್ಲಿಸಿದ ಕಾರು ಒಲೆಯೇ. ಆದ್ದರಿಂದ ಮೊದಲು ಕಾರನ್ನು ಚಾಲೂ ಮಾಡಿ ಒಳಗೆ ಹದವಾದ ಮೇಲೆಯೇ, ತೂತು ಕೊರೆದ ಡಬ್ಬಿಯಲ್ಲಿದ್ದ ಬನ್ಸ್‌ನನ್ನು ಕೆಳಗೆ ತಂದದ್ದು. ಏಸಿಯ ಗಾಳಿ ನೇರ ತಾಗದಂತೆ ಐರಿನ್ ಕಿಂಡಿಗಳನ್ನೆಲ್ಲ ನನ್ನ ಮುಖದ ಕಡೆ ತಿರುಗಿಸಿದಳು. ದಾರಿಯುದ್ದಕ್ಕೂ ಹಣೆಯ ಪಿಸ್ತೂಲನ್ನು ಡಬ್ಬಿಗೆ ಹಿಡಿದು ನೋಡುತ್ತಿದ್ದಳು. ಪೆಟ್ರೋಲ್ ಪಂಪಿನಲ್ಲಿ ಚಾ ಕುಡಿಯಲು ಕೂಡ ಒಬ್ಬೊಬ್ಬರೇ ಇಳಿದೆವು.

ಅಬುಧಾಬಿ ಹತ್ತಿರವಾಗುವಾಗ ಹಿಂದಿನ ಸೀಟಿನಿಂದ ರಿಯೋನಾ, “ಡ್ಯಾಡಾ, ಒಂದು ಮಾತು. ಹಮೀದ್ ಅಂಕಲ್ ಎದುರು ಟ್ರಾನ್ಸ್‌ಫರ್ ಅಂತಲೇ ಹೇಳು, ಓಕೆ?” ಎಂದಳು.

“ಟ್ರಾನ್ಸ್‌ಫರೇ ಅಲ್ವಾ ಆದದ್ದು?” ಎಂದೆ, ಕಳ್ಳನಂತೆ.

“ಡ್ಯಾಡಾ, ಪ್ಲೀಸ್. ಜಾಬ್ ಹೋದದ್ದು ಹಿಬಾಳಿಗೆ ಜುಲೈಯಿಂದ ಗೊತ್ತು. ಅಂಕಲ್ ಫೋನಲ್ಲಿ ಮಾತಾಡುವಾಗ ಅವಳ ಉಮ್ಮ ಅತ್ತದ್ದು ಕೇಳಿಸಿತಂತೆ. ಬಟ್ ಅಂಕಲ್‌ಗೆ ಅವಳಿಗೆ ಗೊತ್ತುಂಟು ಅಂತ ಗೊತ್ತಿಲ್ಲ. ಗೊತ್ತಾದ್ರೆ ಅವರಿಗೆ ಬೇಜಾರಾಗ್ತದೆ. ಸೋ, ಆ್ಯಕ್ಟ್ ನಾರ್ಮಲ್.”

ನಾನು ಕನ್ನಡಿಯಲ್ಲಿ ಅವಳನ್ನು ನೋಡಿದೆ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ನೋಡುತ್ತಿದ್ದಳು.

“ಮತ್ತೆ... ಹೊಟ್ಟೆ ಸುಟ್ಟದ್ದು?”

“ಅವತ್ತೇ ಫೋಟೋ ಕಳಿಸಿದ್ದೆ. ಅವಳು ತುಂಬ ಅತ್ಳು. ಆಮೇಲೆ, ನನಗೆ ಗೊತ್ತುಂಟು ಅಂತ ಉಪ್ಪನಿಗೆ ಹೇಳ್ಬೇಡ, ಅವರಿಗೆ ಈಗಲೇ ಸಾಕಷ್ಟು ಟೆನ್ಶನ್ ಉಂಟು ಅಂದ್ಳು. ಏಸಿ ಹೋದ ದಿನ ಬಂಗುಡೆ ಐಡಿಯಾ ಕೊಟ್ಟದ್ದು ಯಾರು ಅಂತ ಮಾಡಿದ್ದೀ?”

ಐರಿನ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಕುಲುಕುತ್ತಿತ್ತು. ನಗುವೋ ಅಳುವೋ ನಾನು ಕೇಳಲಿಲ್ಲ.

ಹಮೀದನ ಹೊಸ ಮನೆ ಚಿಕ್ಕದು. ಒಂದೇ ಕೋಣೆ, ಒಂದು ಬಾಲ್ಕನಿ. ಹಿಬಾ ಉದ್ದವಾಗಿದ್ದಳು. ರಿಯೋನಾಳನ್ನು ಕಂಡು ಮೊದಲು ನಾಚಿ ಬಾಗಿಲ ಹತ್ತಿರ ನಿಂತವಳು, ಡಬ್ಬಿಯ ಮುಚ್ಚಳ ತೆಗೆದದ್ದೇ ನಾಚಿಕೆ ಮರೆತಳು. ಬನ್ಸ್ ಅವಳ ಅಂಗೈಗೆ ಹತ್ತಿ, ಮುಂಗೈ ಮೇಲೆ ನಡೆದು, ಮೊಣಕೈಯ ಮಡಚಿನಲ್ಲಿ ಕೂತಿತು. ಅವಳು ಅದನ್ನು ಮೆಲ್ಲಗೆ ಮಗುಚಿ ಹೊಟ್ಟೆಯ ಮಾಸಲು ಕಲೆಯನ್ನು ಬೆರಳಿನಿಂದ ಸವರಿದಳು. ನನ್ನ ಕಡೆ ನೋಡಿ ನಕ್ಕಳು, ಅಷ್ಟೆ.

ಜಮೀಲಾ ಚಾ ತಂದಳು. ಹಮೀದ್ ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಗಾಜಿನ ಬಾಗಿಲು ಎಳೆದ. ತೆಳ್ಳಗಾಗಿದ್ದ. ಕಣ್ಣಿನ ಅಡಿ ಕಪ್ಪಾಗಿತ್ತು.

“ಬಹಳ ಕಷ್ಟ ಆಯ್ತು ಮಾರಾಯ,” ಎಂದ. “ಆದ್ರೆ ಅಲ್ಲಾಹನ ದಯೆ, ಮಗಳಿಗೆ ಒಂದು ಚೂರೂ ಗೊತ್ತಾಗ್ಲಿಲ್ಲ. ಅದೊಂದು ಸಮಾಧಾನ ನನಗೆ.”

“ಹೌದು,” ಎಂದೆ. “ನೀನು ಚೆನ್ನಾಗಿ ಸುಧಾರಿಸಿದಿ.”

ಅವನ ಮುಖ ಅರಳಿತು. ಅಷ್ಟರಲ್ಲಿ ಹಿಬಾ ಬಾಗಿಲು ಸರಿಸಿ ತಲೆ ಹಾಕಿದಳು. ಬನ್ಸ್ ಅವಳ ಭುಜದ ಮೇಲಿತ್ತು.

“ಉಪ್ಪ, ಟ್ರಾನ್ಸ್‌ಫರ್ ಆದ ಆಫೀಸು ದುಬೈ ಆಫೀಸಿಗಿಂತ ದೊಡ್ಡದುಂಟು ಅಂದಿದ್ರಲ್ಲ, ಅಂಕಲಿಗೆ ಹೇಳಿದ್ರಾ?”

“ಹೇಳ್ತೇನೆ, ಹೇಳ್ತೇನೆ,” ಎಂದ ಹಮೀದ್, ನನ್ನತ್ತ ಗುಟ್ಟಾಗಿ ಕಣ್ಣು ಮಿಟುಕಿಸಿ. ಮತ್ತೆ ಹೊಸ ಆಫೀಸಿನ ಕಟ್ಟಡವನ್ನು, ಅದರ ಲಿಫ್ಟನ್ನು, ಕ್ಯಾಂಟೀನನ್ನು ಕೈ ಆಡಿಸಿ ಆಡಿಸಿ ಬಣ್ಣಿಸತೊಡಗಿದ. ಹಿಬಾ ಬಾಗಿಲಿಗೆ ಒರಗಿ, ಮೊದಲ ಸಲ ಕೇಳುವವಳಂತೆ, ನಡುನಡುವೆ “ಹೌದಾ ಉಪ್ಪ?” ಎನ್ನುತ್ತಾ, ಅವನು ಪೂರ್ತಿ ಮುಗಿಸುವವರೆಗೂ ನಿಂತು ಕೇಳಿದಳು.